ಸೋತವರ ಇತಿಹಾಸ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಿರೆಂದು ಕಾರ್ಯದರ್ಶಿಯವರು ಕೇಳಿದರು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ಒಕ್ಕಲುತನ ಮಾಡುವವನು. ಗೆದ್ದವರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಸೋತವರ ಬಗ್ಗೆ ನಾಕು ಮಾತು ಬರೆಯುತ್ತೇನೆ. ಯಾಕಂದರೆ ನಾನೂ ಅವರಲ್ಲಿ ಒಬ್ಬ.

2020ರ ಡಿಸೆಂಬರ್ ತಿಂಗಳ ಗ್ರಾಮ ಪಂಚಾಯತಿ ಚುನಾವಣೆಗೆ ನಿಂತಿದ್ದೆ. 30ನೇ ತಾರೀಖಿಗೆ ಎಣಿಕೆ ಆತು. ಹನ್ನೊಂದು ಮತದಿಂದ ಸೋತೆ. ಎಂಟು ದಿವಸ ಮನೆ ಬಿಟ್ಟು ಹೊರಗೆ ಬರಲಿಲ್ಲ. ಯಾರು ಕೈ ಕೊಟ್ಟಿರಬಹುದು ಅಂತ ಓಣಿ ಓಣಿ ಲೆಕ್ಕ ಹಾಕುತ್ತಿದ್ದೆ. ಒಂದು ದಿನ ನಮ್ಮ ಕಾಕಾ ಬಂದು, "ತಮ್ಮಾ, ಕಬ್ಬಿಗೆ ನೀರ ಬಿಡೂದ ಬಿಟ್ಟು ಎಷ್ಟ ದಿನಾ ಆತು? ಜತ್ತಿಯವರ ಊರಾಗ ಹುಟ್ಟಿ ಹಿಂಗ ಕುಂದರತಾರೇನು?" ಅಂದರು.

ಆ ಮಾತು ಮನಸ್ಸಿಗೆ ನಾಟಿತು. ನಮ್ಮ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು 1958ರಿಂದ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1962ರ ಚುನಾವಣೆಯಲ್ಲಿ ಜಮಖಂಡಿಯಿಂದ ಗೆದ್ದರೂ ಅವರ ಕುರ್ಚಿ ಉಳಿಯಲಿಲ್ಲ. ಅದೇ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರು. ಆಗ ಹುನಗುಂದದ ಶಾಸಕರಾಗಿದ್ದ ಎಸ್.ಆರ್. ಕಂಠಿಯವರು ಮಾರ್ಚದಿಂದ ಜೂನದವರೆಗೆ ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ನಮ್ಮ ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. ಜತ್ತಿಯವರು ಮುನಿಸಿಕೊಂಡು ಮನೆ ಹಿಡಿಯಲಿಲ್ಲ. ನಿಜಲಿಂಗಪ್ಪನವರ ಕೈಕೆಳಗೆ ಹಣಕಾಸು ಮಂತ್ರಿಯಾಗಿ ದುಡಿದರು. ಮುಂದೆ ಉಪರಾಷ್ಟ್ರಪತಿಗಳಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳೂ ಆದರು.

ಇನ್ನೊಂದು ಸೋಲು ನಮ್ಮ ಹಿರಿಯರೆಲ್ಲ ಕಣ್ಣಾರೆ ಕಂಡದ್ದು. 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಬಾಗಲಕೋಟೆ ಲೋಕಸಭೆಗೆ ನಿಂತರು. ಹಳ್ಳಿಗೆ ಮಂಡಲ ಪಂಚಾಯತಿ, ಜಿಲ್ಲೆಗೆ ಜಿಲ್ಲಾ ಪರಿಷತ್ತು ಬಂದದ್ದು ಅವರ ಕಾಲದಲ್ಲೇ. ಅವರ ಎದುರು ಇದ್ದವರು ಜಮಖಂಡಿಯ ಸಿದ್ದು ನ್ಯಾಮಗೌಡರು. ಸರಕಾರದ ದಾರಿ ಕಾಯದೆ, ಕೃಷ್ಣಾ ತೀರದ ರೈತರಿಂದ ವಂತಿಗೆ ಕೂಡಿಸಿ, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿಸಿದವರು. ಹೆಗಡೆಯವರು ಸೋತರು. ಹಾಗಂತ ಅವರ ಕೆಲಸ ಸುಳ್ಳಾಗಲಿಲ್ಲ, 1998ರಲ್ಲಿ ಕೇಂದ್ರದ ಮಂತ್ರಿಯೂ ಆದರು. ಗೆದ್ದ ನ್ಯಾಮಗೌಡರಿಗೂ ಹಾದಿ ಸಲೀಸಾಗಿರಲಿಲ್ಲ. ಅವರು ಜಮಖಂಡಿಯಿಂದ ವಿಧಾನಸಭೆಗೆ ಹೋದದ್ದು 2013ರಲ್ಲಿ. 2018ರಲ್ಲಿ ಮತ್ತೆ ಗೆದ್ದು ಅದೇ ತಿಂಗಳು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜಿನ ನೀರು ಮಾತ್ರ ಅವರಿಗೆ ಮತ ಹಾಕಿದವರ ಹೊಲಕ್ಕೂ ಹೋಯಿತು, ಹಾಕದವರ ಹೊಲಕ್ಕೂ ಹೋಯಿತು.

ಈಗ ನನ್ನದೊಂದು ತಪ್ಪು ಹೇಳಲೇಬೇಕು. ಸೋತ ಮರುವರ್ಷ ಆಡಳಿತ ಮಂಡಳಿ ಸಭೆಗೆ ಒಬ್ಬ ಸದಸ್ಯರ ಬೆಳೆಸಾಲದ ಅರ್ಜಿ ಬಂತು. ಇವರೇ ನನಗೆ ಮತ ಹಾಕಿಲ್ಲ ಅಂತ ನಾನು ತಿಳಿದಿದ್ದೆ. ಕಾಗದಪತ್ರ ಎಲ್ಲಾ ಸರಿ ಇದ್ದವು. ಆದರೂ "ಮುಂದಿನ ಸಭೆಗೆ ನೋಡೋಣ" ಅಂದುಬಿಟ್ಟೆ. ಬಾಜೂಕ ಕುಂತ ಹಿರಿಯ ನಿರ್ದೇಶಕರು, "ಬಿತ್ತಿಗೆ ಮುಂದಿನ ಸಭೆ ತನಕ ಕಾಯ್ತದೇನ್ರಿ?" ಅಂದರು. ನಾನು ತಲೆ ತಗ್ಗಿಸಿದೆ. ಸಾಲ ಮಂಜೂರಾತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪಂಚಾಯತಿಯಲ್ಲಿ ಹನ್ನೊಂದು ಮತದಿಂದ ಸೋತಿದ್ದೆ, ಅವತ್ತು ಸಂಘದಲ್ಲಿ ಪೂರಾ ಸೋತೆ ಅನಿಸಿತು. ಅವರು ನನಗೆ ಮತ ಹಾಕಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ, ಕೇಳೂದೂ ಇಲ್ಲ.

ಸಹಕಾರ ಸಂಘದಲ್ಲಿ ಶೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಆ ಮತ ಅವರದು, ನಮ್ಮ ಸಾಲ ಅಲ್ಲ. ವಸೂಲಿಗೆ ಹೋಗಲಿಕ್ಕೆ ಬರುವುದಿಲ್ಲ. ಮುಂದೆ ನಮ್ಮ ಸಂಘದ ಚುನಾವಣೆಯಲ್ಲೂ ಯಾರೋ ಗೆಲ್ಲುತ್ತಾರೆ, ಯಾರೋ ಸೋಲುತ್ತಾರೆ. ಸೋತವರು ಮರುದಿನ ಮುಂಜಾನೆ ಸಂಘದ ಕಟ್ಟೆಗೆ ಬರಬೇಕು. ಗೆದ್ದವರು ಅವರಿಗೆ ಮೊದಲು ಚಹಾ ಹೇಳಬೇಕು. ಇಷ್ಟು ನಡೆದರೆ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣುತ್ತದೆ.

ಜೈ ಸಹಕಾರ.