ವ್ಯಾಕ್ಸಿನ್ ಡಿಪೋದಿಂದ ಕಾಕತಿಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂದರೆ ಇಂದು ಮರಗಳ ನಡುವಿನ ವಿಶಾಲ ಮೈದಾನ. ಕಳೆದ ಶತಮಾನದ ಆರಂಭದಲ್ಲಿ ಅದು ಮುಂಬಯಿ ಪ್ರಾಂತ್ಯಕ್ಕೆ ಸಿಡುಬಿನ ಲಸಿಕೆ ಒದಗಿಸುತ್ತಿದ್ದ ಜಾಗ. ಕರುಗಳ ಮೈ ಬೋಳಿಸಿ, ಚರ್ಮ ಗೀರಿ ಲಸಿಕೆ ಹಚ್ಚುತ್ತಿದ್ದರು. ಎದ್ದ ಬೊಕ್ಕೆಗಳನ್ನು ಕೆರೆದು ಗ್ಲಿಸರಿನ್ ಬೆರೆಸಿ ಸಣ್ಣ ನಳಿಕೆಗಳಲ್ಲಿ ತುಂಬುತ್ತಿದ್ದರು. ಬಿಸಿಲಿಗೆ ಬೇಗ ಕೆಡುವ ಆ ಮದ್ದಿಗೆ ಇಲ್ಲಿನ ತಂಪು ಹವೆ ಒಗ್ಗುತ್ತಿತ್ತು. ಸಿಡುಬು ನಿರ್ಮೂಲನೆಯ ಕೊನೆಯ ವರ್ಷಗಳಲ್ಲಿ ಶಾಖಕ್ಕೆ ಜಗ್ಗದ ಒಣ ಲಸಿಕೆಯನ್ನು ತಯಾರಿಸಿದ ದೇಶದ ಕೆಲವೇ ಕೇಂದ್ರಗಳಲ್ಲಿ ಬೆಳಗಾವಿಯೂ ಇತ್ತು. ಮುಂದೆ 2020ರಲ್ಲಿ ಕೋವಿಡ್ ಲಸಿಕೆ ಕೊವ್ಯಾಕ್ಸಿನ್‌ನ ಮೊದಲ ಪ್ರಯೋಗಕ್ಕೆ ಆಯ್ಕೆಯಾದ ಆಸ್ಪತ್ರೆಗಳ ಪಟ್ಟಿಯಲ್ಲಿ ಇದೇ ಊರಿನ ಜೀವನ್‌ರೇಖಾ ಆಸ್ಪತ್ರೆಯ ಹೆಸರಿತ್ತು. ಆ ಪ್ರಯೋಗಕ್ಕೆ ತೋಳೊಡ್ಡಬೇಕಾದವರು 18ರಿಂದ 55 ವರ್ಷದವರು. ಲಸಿಕೆಯ ಚರಿತ್ರೆಗೆ ಇಷ್ಟು ಹತ್ತಿರವಿರುವ ಜಿಲ್ಲೆಯಲ್ಲಿ 2021ರ ಬೇಸಿಗೆಯಲ್ಲಿ ಹರೆಯದವರಿಗೆ ಲಸಿಕೆ ದಕ್ಕದೇ ಹೋದದ್ದು ಬರೀ ದಾಸ್ತಾನಿನ ಕೊರತೆಯಿಂದಲ್ಲ ಎಂಬುದು ನನ್ನ ವಾದ. ಲಸಿಕೆಗೂ ತೋಳಿಗೂ ನಡುವಿನ ದಾರಿಯನ್ನು ಯಾರು ನಡೆಯಬೇಕು ಎಂಬ ಲೆಕ್ಕವೇ ಆಗ ತಿರುಗುಮುರುಗಾಗಿತ್ತು.

ಸಿಡುಬಿನ ಕಾಲದಲ್ಲಿ ಆ ದಾರಿ ಸರ್ಕಾರದ ಪಾಲಿನದು. ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆ ಹಾಕುವ ಸಿಬ್ಬಂದಿ, ಊರೂರು ಅಲೆದು, ಚಾವಡಿಯಲ್ಲೋ ಗುಡಿಯ ಕಟ್ಟೆಯಲ್ಲೋ ಕೂತು, ಮನೆಮನೆಯ ಮಕ್ಕಳನ್ನು ಕರೆಸುತ್ತಿದ್ದರು. ಅದರಲ್ಲಿ ದರ್ಪವೂ ಇತ್ತು, ಅದನ್ನು ಮುಚ್ಚಿಡಬಾರದು. ಕಾನೂನಿನ ಬೆದರಿಕೆಯಿತ್ತು, ಕರುವಿನ ಲಸಿಕೆ ಬರುವ ಮೊದಲು ಒಂದು ಮಗುವಿನ ತೋಳಿನ ಬೊಕ್ಕೆಯಿಂದಲೇ ಇನ್ನೊಂದಕ್ಕೆ ಕೀವು ದಾಟಿಸುತ್ತಿದ್ದರು, ತಾಯಂದಿರು ಮಕ್ಕಳನ್ನು ಅಡಗಿಸಿಡುತ್ತಿದ್ದರು. ಆ ಬಲವಂತವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಬಲವಂತ ಬೇರೆ, ಬಾಗಿಲಿಗೆ ಹೋಗುವುದು ಬೇರೆ. ಮೊದಲನೆಯದನ್ನು ಬಿಟ್ಟದ್ದು ಸರಿ, ಎರಡನೆಯದನ್ನು ಬಿಡಬೇಕಾಗಿರಲಿಲ್ಲ.

2021ರ ಮೇ 1ರಿಂದ 18–44ರ ವಯೋಮಾನದವರಿಗೆ ಕೋವಿಡ್ ಲಸಿಕೆ ಎಂದು ಕೇಂದ್ರ ಸರ್ಕಾರ ಘೋಷಿಸಿತು. ಆದರೆ ಅದನ್ನು ಕೊಳ್ಳುವ ಹೊಣೆ ರಾಜ್ಯಗಳ ಮತ್ತು ಖಾಸಗಿ ಆಸ್ಪತ್ರೆಗಳ ಮೇಲೆ ಬಿತ್ತು. ಕೊವಿಶೀಲ್ಡ್ ಡೋಸ್ ರಾಜ್ಯಕ್ಕೆ 300 ರೂಪಾಯಿ, ಖಾಸಗಿಗೆ 600. ಕೊವ್ಯಾಕ್ಸಿನ್ ಖಾಸಗಿಗೆ 1,200. ಕರ್ನಾಟಕದಲ್ಲಿ ಈ ವಯಸ್ಸಿನವರ ಸರದಿ ಆರಂಭವಾದದ್ದು ಮೇ 10ಕ್ಕೆ. ಎರಡನೇ ಡೋಸಿಗೆ ಕಾದಿದ್ದ ಹಿರಿಯರಿಗೇ ಲಸಿಕೆ ಸಾಲದೆ ಮೇ 14ಕ್ಕೆ ನಿಂತೂ ಹೋಯಿತು. 45 ದಾಟಿದವರು ನೇರ ಲಸಿಕಾ ಕೇಂದ್ರಕ್ಕೆ ಹೋಗಬಹುದಿತ್ತು. ಕಿರಿಯರು ಮಾತ್ರ ಕೋವಿನ್ ಎಂಬ ನೋಂದಣಿ ತಾಣ ತೆರೆದು, ಒಟಿಪಿಗೆ ಕಾದು, ನಿಮಿಷಗಳಲ್ಲಿ ಮುಗಿಯುವ ಸ್ಲಾಟ್ ಹಿಡಿಯಬೇಕಿತ್ತು. ಆ ತಾಣದಲ್ಲಿ ಕನ್ನಡ, ಮರಾಠಿ ಬಂದದ್ದು ಜೂನ್‌ನಲ್ಲಿ. ರಾಣಿ ಚೆನ್ನಮ್ಮ ಹುಟ್ಟಿದ ಕಾಕತಿ ಹೆದ್ದಾರಿಯ ಮೇಲಿದೆ, ನಗರಕ್ಕೆ ಕೆಲವೇ ಕಿಲೋಮೀಟರ್. ಅಲ್ಲಿ ಫೋನು ಹಿಡಿದು ಸ್ಪರ್ಧಿಸುವುದಾದರೂ ಸಾಧ್ಯ. ಖಾನಾಪುರದ ಭೀಮಗಡ ಕಾಡಿನೊಳಗಿನ ಗವಾಳಿ, ಆಮಗಾಂವ್, ಕೃಷ್ಣಾಪುರಗಳಿಗೆ ಮಳೆಗಾಲದಲ್ಲಿ ಹಳ್ಳ ದಾಟುವುದೇ ದೊಡ್ಡ ಪಾಡು; ಅಲ್ಲಿ ನೆಟ್‌ವರ್ಕ್‌ ನೆಚ್ಚಿಕೊಂಡು ಸರದಿ ಹಿಡಿಯುವುದೆಲ್ಲಿ? ಒಂದೇ ಜಿಲ್ಲೆ, ಒಂದೇ ವಯಸ್ಸು, ಕಾಗದದ ಮೇಲೆ ಒಂದೇ ಹಕ್ಕು; ಆದರೂ ನಗರ, ಕಾಕತಿ, ಕಾಡು ಎಂಬ ಮೂರು ಮೆಟ್ಟಿಲು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಕಿರಿಯರ ಲಸಿಕೆಯನ್ನು ರಾಜ್ಯಗಳಿಗೂ ಖಾಸಗಿ ಆಸ್ಪತ್ರೆಗಳಿಗೂ ಬಿಟ್ಟ ನೀತಿಯನ್ನು ಮೇಲ್ನೋಟಕ್ಕೆ ನಿರಂಕುಶ, ಅತಾರ್ಕಿಕ ಎಂದದ್ದಲ್ಲದೆ, ಡಿಜಿಟಲ್ ಅಂತರದ ಪ್ರಶ್ನೆಯನ್ನೂ ಎತ್ತಿತು.

ಲಸಿಕೆಯೇ ಇಲ್ಲದಾಗ ಸಾವಿನ ಅಪಾಯ ಹೆಚ್ಚಿದ್ದ ಹಿರಿಯರಿಗೆ ಮೊದಲು ಕೊಟ್ಟದ್ದು ನ್ಯಾಯವಲ್ಲವೇ ಎಂದು ಕೇಳಬಹುದು. ಖಂಡಿತ ನ್ಯಾಯ. ಹಿರಿಯರ ಸರದಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಕಿರಿಯರಿಗೆಂದು ಎತ್ತಿಟ್ಟ ಅಲ್ಪ ಪಾಲು ಅವರವರ ನಡುವೆ ಹಂಚಿಕೆಯಾದ ಬಗೆಗೆ. ಉದ್ಯಮಬಾಗದ ಫೌಂಡ್ರಿ, ಹೊನಗಾದ ಕಾರ್ಖಾನೆ, ಗೋವಾದ ಕೂಲಿ ಎಂದು ದಿನವೂ ಮನೆಯಿಂದ ಹೊರಬೀಳಲೇಬೇಕಾದವರು ಬಹುಪಾಲು ಈ ವಯಸ್ಸಿನವರು. ಕೆಲಸದ ನಡುವೆ ಸ್ಲಾಟ್ ಕಾಯಲು ಬಿಡುವಿಲ್ಲದವರೂ ಅವರೇ. ನೋಂದಣಿಯಿಲ್ಲದಿದ್ದರೆ ನೂಕುನುಗ್ಗಲಾಗುತ್ತಿತ್ತು ಎಂಬುದು ಇನ್ನೊಂದು ಸಮಜಾಯಿಷಿ. ಇದರಲ್ಲೂ ಸತ್ಯಾಂಶವಿದೆ. ಆದರೆ ಆಶಾ ಕಾರ್ಯಕರ್ತೆಯ ಬಳಿ ಮನೆಮನೆಯ ಪಟ್ಟಿ ಆಗಲೇ ಇತ್ತು. ಇಂಥ ದಿನ ಇಂಥ ಓಣಿ ಎಂದು ಚೀಟಿ ಕೊಡಲು ಆ್ಯಪ್ ಬೇಕಿರಲಿಲ್ಲ. ದೇಶದ ಹಲವೆಡೆ ನಗರದವರು ಸ್ಲಾಟ್ ಹಿಡಿದು ಕಾರಿನಲ್ಲಿ ಹಳ್ಳಿಯ ಕೇಂದ್ರಗಳಿಗೆ ಹೋಗಿ ಚುಚ್ಚಿಸಿಕೊಂಡು ಬಂದರು. ನೂಕುನುಗ್ಗಲು ಕಣ್ಣಿಗೆ ಕಾಣದ ಕಡೆ ಸರಿಯಿತು, ಅಷ್ಟೇ.

ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರವೇ ಉಚಿತವಾಗಿ ಲಸಿಕೆ ಒದಗಿಸತೊಡಗಿತು, ಲಸಿಕಾ ಕೇಂದ್ರಕ್ಕೆ ನೇರ ಹೋಗುವ ದಾರಿಯೂ ಸಲೀಸಾಯಿತು. ನವೆಂಬರಿನಲ್ಲಿ ‘ಹರ್ ಘರ್ ದಸ್ತಕ್’ ಹೆಸರಿನಲ್ಲಿ ಸಿಬ್ಬಂದಿ ಐಸ್ ಪೆಟ್ಟಿಗೆ ಹೊತ್ತು ಮನೆಮನೆಯ ಕದ ತಟ್ಟಿದರು. ದೇವಿ ಹಾಕುವವರು ತುಳಿದ ಹಳೆಯ ದಾರಿಯೇ ಅದು. ಅಷ್ಟರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದು ಹೋಗಿಯಾಗಿತ್ತು.