ಒಟಿಪಿ ಕೇಳುವ ವೈ-ಫೈ ಯಾರದ್ದು?

ಹಿಂದೂ ಮಹಾಸಭಾ ಗಣಪತಿಯ ಮೆರವಣಿಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಬಂತೆಂದರೆ ಅಲ್ಲಿ ಸೇರಿದ ಜನರ ಮೊಬೈಲುಗಳ ಭಾರವೆಲ್ಲ ಕೆಲವೇ ಟವರುಗಳ ಮೇಲೆ ಬೀಳುತ್ತದೆ. ಟವರಿನ ಸಾಮರ್ಥ್ಯವನ್ನು ಅದರಡಿ ನಿಂತವರೆಲ್ಲ ಹಂಚಿಕೊಳ್ಳಬೇಕು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಿರಿದಾಗುತ್ತದೆ. ಅದೇ ಹೊತ್ತಿನಲ್ಲಿ ಅಂಗಡಿಗಳೊಳಗಿನ ಫೈಬರ್ ಸಂಪರ್ಕಕ್ಕೆ ಅಷ್ಟೇನೂ ಕೆಲಸವಿರುವುದಿಲ್ಲ. ಟವರಿನ ಹೊರೆಯನ್ನು ಆ ಫೈಬರಿಗೆ ಜೋಡಿಸಿದ ವೈ-ಫೈಗೆ ದಾಟಿಸುವುದನ್ನು ದೂರಸಂಪರ್ಕದವರು ಆಫ್‌ಲೋಡ್ ಎನ್ನುತ್ತಾರೆ. ಇದು ಸುರಕ್ಷಿತವಲ್ಲ, ತಂತ್ರಜ್ಞಾನ ಇನ್ನೂ ಬೆಳೆಯಬೇಕು ಎಂಬುದು ಸಾಮಾನ್ಯ ಅಭಿಪ್ರಾಯ. ಈ ಕ್ಷೇತ್ರ ನಡೆದು ಬಂದ ದಾರಿ ಬೇರೆಯೇ ಹೇಳುತ್ತದೆ. ಉತ್ತರ ಬೇಗನೆ ಸಿಕ್ಕಿತ್ತು, ನಮ್ಮಲ್ಲಿ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ವೈ-ಫೈಯ ಮೊದಲ ಬೀಗವಾದ ವೆಪ್ 2001ರಲ್ಲೇ ಮುರಿದುಬಿತ್ತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಗಟ್ಟಿಯಾಗಿತ್ತು. ಆದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಎಂಬ ಮನೆಯ ಪದ್ಧತಿ ಪೇಟೆಬೀದಿಗೆ ಒಗ್ಗುವಂಥದ್ದಲ್ಲ. ಸಿಮ್ಮಿನೊಳಗೆ ಆಗಲೇ ಒಂದು ಗುಟ್ಟಿನ ಕೀಲಿ ಇದೆ, ಅದನ್ನೇ ವೈ-ಫೈಗೂ ಏಕೆ ಬಳಸಬಾರದು? ಈ ಯೋಚನೆಯಿಂದ ಹುಟ್ಟಿದ ಇಎಪಿ-ಸಿಮ್, ಇಎಪಿ-ಎಕೆಎ ವಿಧಾನಗಳು 2006ರಲ್ಲಿ ಪ್ರಕಟವಾದವು. ಕೀಲಿ ಸಿಮ್ಮಿನಿಂದ ಆಚೆ ಬರುವುದೇ ಇಲ್ಲ. ಜಾಲ ಒಂದು ಸವಾಲು ಒಡ್ಡುತ್ತದೆ, ಸಿಮ್ ಲೆಕ್ಕ ಹಾಕಿ ಉತ್ತರಿಸುತ್ತದೆ. ಎಕೆಎಯಲ್ಲಿ ಜಾಲವೂ ತಾನು ಅಸಲಿ ಎಂದು ಸಿಮ್ಮಿಗೆ ತೋರಿಸಿಕೊಳ್ಳಬೇಕು. ನಂಬಲಾಗದ ವೈ-ಫೈ ಮೂಲಕವೂ ಗೂಢಲಿಪಿಯ ಸುರಂಗ ಕೊರೆದು ಆಪರೇಟರನ್ನು ತಲುಪುವ ವ್ಯವಸ್ಥೆಯನ್ನು ಮೊಬೈಲ್ ಮಾನದಂಡಗಳ ಒಕ್ಕೂಟ 3ಜಿಪಿಪಿ ರೂಪಿಸಿತು. 2012ರಲ್ಲಿ ಪಾಸ್‌ಪಾಯಿಂಟ್ ಎಂಬ ವೈ-ಫೈ ಮಾನದಂಡ ಬಂದ ಮೇಲೆ ಟವರ್ ಬದಲಿಸಿದಷ್ಟೇ ಸದ್ದಿಲ್ಲದೆ ಫೋನು ವೈ-ಫೈಗೆ ಜಿಗಿಯುವುದು ಸಾಧ್ಯವಾಯಿತು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ತಂದ ವೈ-ಫೈ ಕರೆ ನಿಂತಿರುವುದು ಅಂಥದೇ ಸುರಂಗದ ಮೇಲೆ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು 2021ರಲ್ಲಿ ಜನ ಪಟ್ಟು ಹಿಡಿದದ್ದು ಇದೇ ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ. ಅಂಥ ಕಡೆ ಟವರ್ ಸಿಗದಿದ್ದರೂ ಫೈಬರ್ ಬಂದ ಮನೆಗೆ ಈ ಸುರಂಗ ದೊಡ್ಡ ಆಸರೆ.

ಸಾರ್ವಜನಿಕ ವೈ-ಫೈ ಮಾತ್ರ ಈ ದಾರಿ ಹಿಡಿಯಲಿಲ್ಲ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುಂಚೆ ಬಂದ ಬೆದರಿಕೆ ಇಮೇಲ್ ನವಿ ಮುಂಬೈನ ಯಾರದೋ ಮನೆಯ ವೈ-ಫೈಯಿಂದ ಹೋಗಿತ್ತು. ಬಳಸಿದವರು ಯಾರೆಂದು ಗೊತ್ತಿರಲೇಬೇಕು ಎಂದು ದೂರಸಂಪರ್ಕ ಇಲಾಖೆ 2009ರಲ್ಲಿ ಸೂಚಿಸಿತು. ಅಲ್ಲಿಂದ ಲಾಗಿನ್ ಪುಟದಲ್ಲಿ ಮೊಬೈಲ್ ನಂಬರು, ಒಟಿಪಿ ಕೇಳುವ ಪದ್ಧತಿ ಬೇರೂರಿತು. 2014ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಶುರುವಾದ ‘ನಮ್ಮ ವೈ-ಫೈ’ ಸೇವೆ ನಡೆದದ್ದೂ ಹೀಗೆಯೇ. ಹಳೆಯ ಎಸ್‌ಟಿಡಿ ಬೂತಿನಂತೆ ಅಂಗಡಿಯವರೇ ಇಂಟರ್ನೆಟ್ ಮಾರಲಿ ಎಂದು 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿಯಲ್ಲಿ ಆ್ಯಪ್, ಟೋಕನ್ ಸೇರಿದರೂ ಬುಡದಲ್ಲಿರುವುದು ಲಾಗಿನ್ ಪುಟವೇ. ಒಟಿಪಿ ಗಿರಾಕಿಯ ಗುರುತನ್ನು ಅಂಗಡಿಗೆ ಕೊಡುತ್ತದೆ. ಅಂಗಡಿಯ ಗುರುತನ್ನು ಗಿರಾಕಿಗೆ ಕೊಡುವುದಿಲ್ಲ. ಅದೇ ಹೆಸರಿಟ್ಟು ಪಕ್ಕದಲ್ಲಿ ಇನ್ನೊಬ್ಬ ರೂಟರ್ ಹಚ್ಚಿ ಕೂತರೆ ಫೋನಿಗೆ ಎರಡೂ ಒಂದೇ.

ಬ್ಯಾಂಕು, ಯುಪಿಐ ಆ್ಯಪ್‌ಗಳು ತಾವೇ ಗೂಢಲಿಪಿ ಬಳಸುವಾಗ ಈ ಚಿಂತೆ ಏಕೆ ಎನ್ನಬಹುದು. ನಿಜ, ದಾರಿಯಲ್ಲಿ ಹಣ ಕದಿಯುವುದು ಈಗ ಸುಲಭವಲ್ಲ. ಆದರೆ ನಂಬರು, ಒಟಿಪಿ ಬರೆಸಿಕೊಳ್ಳುವ ಪುಟವೇ ನಕಲಿಯಾದರೆ ಆ್ಯಪಿನ ಬೀಗ ಅಲ್ಲಿಗೆ ಬರುವುದಿಲ್ಲ. 2016ರ ನಂತರ ಡೇಟಾ ಅಗ್ಗವಾಯಿತಲ್ಲ ಎಂಬುದು ಇನ್ನೊಂದು ಮಾತು. 2022ಕ್ಕೆ ಒಂದು ಕೋಟಿ ಹಾಟ್‌ಸ್ಪಾಟ್ ಎಂದ 2018ರ ರಾಷ್ಟ್ರೀಯ ನೀತಿಯ ಗುರಿ ದೂರವೇ ಉಳಿದದ್ದಕ್ಕೆ ಅದೂ ಕಾರಣವಿರಬಹುದು. ಅಗ್ಗವಾದ ಮಾತ್ರಕ್ಕೆ ಜಾತ್ರೆಯ ದಿನ ಟವರು ಹಿಗ್ಗುವುದಿಲ್ಲ. ಇವೆರಡಕ್ಕಿಂತ ತೂಕದ ಆಕ್ಷೇಪ ಸಿಮ್ಮಿನ ಬಗ್ಗೆಯೇ ಇದೆ. ಮೊದಲ ಸಂಪರ್ಕದಲ್ಲಿ ಸಿಮ್ಮಿನ ಶಾಶ್ವತ ಗುರುತುಸಂಖ್ಯೆ ಬಯಲಾಗುತ್ತದೆಂದು 2016ರಲ್ಲಿ ಸಂಶೋಧಕರಾದ ಪಿಯರ್ಸ್ ಓಹ್ಯಾನ್ಲನ್ ಮತ್ತು ರವಿಶಂಕರ್ ಬೋರ್ಗಾಂವ್ಕರ್ ತೋರಿಸಿದರು. ವೈ-ಫೈ ಕರೆಯ ಸುರಂಗಕ್ಕೆ 13 ಆಪರೇಟರುಗಳು ಹತ್ತು ಖಾಸಗಿ ಕೀಲಿಗಳ ಒಂದೇ ಗುಂಪನ್ನು ಬಳಸುತ್ತಿದ್ದದ್ದು 2024ರಲ್ಲಿ ಬಯಲಾಯಿತು. ಸಣ್ಣ ತಪ್ಪುಗಳಲ್ಲ ಇವು. ಆದರೂ ಮೊದಲನೆಯದಕ್ಕೆ 5ಜಿ ಆ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಮುಚ್ಚುವ ವಿಧಾನ ತಂದಿದೆ. ಎರಡನೆಯದು ಕೀಲಿ ಮಾಡಿದವರ ಸೋಮಾರಿತನ, ಬೀಗದ ವಿನ್ಯಾಸದ ದೋಷವಲ್ಲ. ಒಟಿಪಿ ಪುಟದ ಕೊರತೆ ವಿನ್ಯಾಸದಲ್ಲೇ ಇದೆ.

ತೊಡಕು ಉಳಿದಿರುವುದು ವ್ಯವಹಾರದಲ್ಲಿ. ಪಿಎಂ-ವಾಣಿಯ ಮೂಲ ಚೌಕಟ್ಟಿನಲ್ಲಿ ಅಂಗಡಿ, ಅಂಗಡಿಗಳನ್ನು ಕೂಡಿಸುವವರು, ಆ್ಯಪ್ ಒದಗಿಸುವವರು, ಕೇಂದ್ರ ನೋಂದಣಿ ಎಂಬ ನಾಲ್ಕು ಪಾತ್ರಗಳಿದ್ದವು. ಸಿಮ್ ಕೊಟ್ಟ ಕಂಪನಿಗೆ ಪಾತ್ರವಿರಲಿಲ್ಲ. 2024ರ ತಿದ್ದುಪಡಿ ಆಫ್‌ಲೋಡಿಗೆ ಬಾಗಿಲು ತೆರೆಯಿತು. ಅಂಗಡಿಯ ಫೈಬರಿಗೆ ಮನೆಯ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು 2025ರ ಜೂನಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಮಿತಿ ಹಾಕಿತು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದು ರೂಟರ್ ಇಡಲು ಈಗ ಖರ್ಚು ಅಡ್ಡಿಯಲ್ಲ. ಆ ರೂಟರಿಗೆ ಜಾಮೀನು ನಿಲ್ಲುವ ಮೊಬೈಲ್ ಕಂಪನಿ ಯಾವುದು, ಬಂದ ಹಣದಲ್ಲಿ ಅಂಗಡಿಗೆಷ್ಟು ಎಂಬ ಲೆಕ್ಕವೇ ಇನ್ನೂ ಬಗೆಹರಿಯಬೇಕಿದೆ.