ಎನ್‌ಹೆದುಆನ್ನಾ: ಚಂದ್ರನ ಪೂಜಾರಿಣಿ, ಇನಾನ್ನಾಳ ಕವಿ

ಫಿಲಡೆಲ್ಫಿಯಾದ ಪೆನ್ ವಸ್ತುಸಂಗ್ರಹಾಲಯದಲ್ಲಿ ಗೇಣಿಗಿಂತ ತುಸು ಹೆಚ್ಚು ಅಗಲದ, ದುಂಡಗಿನ ಬಿಳಿಗಲ್ಲಿನ ಬಿಲ್ಲೆಯೊಂದಿದೆ. ದಕ್ಷಿಣ ಇರಾಕಿನ ಪ್ರಾಚೀನ ನಗರ ಉರ್‌ನಲ್ಲಿ ಉತ್ಖನನ ನಡೆಸುತ್ತಿದ್ದ ಲಿಯೊನಾರ್ಡ್ ವೂಲಿಯವರ ತಂಡಕ್ಕೆ 1927ರಲ್ಲಿ ಅದು ಚೂರುಗಳಾಗಿ ಸಿಕ್ಕಿತು. ನಡುಪಟ್ಟಿಯಲ್ಲಿ ನಾಲ್ವರು ಸಾಲಾಗಿ ನಿಂತಿದ್ದಾರೆ. ಮುಂದಿನವನು ಕೊಕ್ಕಿನ ಪಾತ್ರೆಯಿಂದ ಅರ್ಘ್ಯ ಎರೆಯುತ್ತಿದ್ದಾನೆ. ಅವನ ಹಿಂದೆ, ಪದರ ಪದರವಾಗಿ ಇಳಿಬಿದ್ದ ನಿಲುವಂಗಿ ತೊಟ್ಟು, ಕೈಯನ್ನು ಮುಖದೆತ್ತರಕ್ಕೆ ಎತ್ತಿ ನಮಿಸುತ್ತಿರುವ ಹೆಣ್ಣು ಎದ್ದು ಕಾಣುತ್ತಾಳೆ. ಹಿಂಬದಿಯ ಬರಹ ಅವಳನ್ನು ಎನ್‌ಹೆದುಆನ್ನಾ ಎಂದು, ಚಂದ್ರದೇವ ನನ್ನಾನ ಮಡದಿ ಎಂದು, ಸಾರ್ಗೋನನ ಮಗಳು ಎಂದು ಹೆಸರಿಸುತ್ತದೆ.

ಕ್ರಿ.ಪೂ. 24ನೆಯ ಶತಮಾನದಲ್ಲಿ ಸುಮೇರಿನ ನಗರರಾಜ್ಯಗಳನ್ನು ಗೆದ್ದ ಅಕ್ಕಾದಿನ ದೊರೆ ಸಾರ್ಗೋನ್. ಗೆದ್ದವರ ಮನೆಮಾತು ಅಕ್ಕಾಡಿಯನ್. ದಕ್ಷಿಣದ ದೇಗುಲಗಳ ನುಡಿ ಸುಮೇರಿಯನ್. ಸೋತ ನಾಡಿನ ದೊಡ್ಡ ದೇಗುಲದಲ್ಲಿ ದೊರೆಯ ಮಗಳೇ ಮಹಾಪೂಜಾರಿಣಿಯಾದದ್ದರ ಹಿಂದೆ ರಾಜಕಾರಣ ಇದ್ದೇ ಇದೆ. ‘ಆಕಾಶದ ಆಭರಣವಾದ ಪೂಜಾರಿಣಿ’ ಎಂಬರ್ಥದ ಅವಳ ಹೆಸರು ಕೂಡ ಪದವಿಯ ಜೊತೆಗೆ ಬಂದದ್ದು, ಹುಟ್ಟುಹೆಸರು ಉಳಿದಿಲ್ಲ. ಅವಳ ನಂತರ ಶತಮಾನಗಳವರೆಗೆ ಆ ಪೀಠದಲ್ಲಿ ರಾಜಕುಮಾರಿಯರೇ ಕುಳಿತರು.

ಅವಳು ಕಟ್ಟುಕಥೆಯ ಪಾತ್ರವಲ್ಲ ಎಂಬುದಕ್ಕೆ ಬಿಲ್ಲೆಗಿಂತ ನನಗೆ ಹೆಚ್ಚು ಆಪ್ತವಾದ ಸಾಕ್ಷ್ಯ ಅವಳ ಸೇವಕರ ಮುದ್ರೆಗಳು. ಒಂದು ಮುದ್ರೆ ಅವಳ ಕೇಶಾಲಂಕಾರ ಮಾಡುತ್ತಿದ್ದ ಇಲುಮ್‌ಪಾಲಿಲನದು. ಮೇಲ್ವಿಚಾರಕ ಅದ್ದಾನದು ಇನ್ನೊಂದು, ಲಿಪಿಕಾರನದು ಮತ್ತೊಂದು. ಒಡತಿಯ ಹೆಸರನ್ನು ತಮ್ಮ ಹೆಸರಿನೊಡನೆ ಕಲ್ಲಿನಲ್ಲಿ ಕೊರೆಸಿಕೊಂಡ ಈ ಜನ ಅವಳನ್ನು ದಿನವೂ ಕಣ್ಣಾರೆ ಕಂಡವರು.

ಕವಿತೆಯ ವಿಷಯಕ್ಕೆ ಬಂದರೆ ತೊಡಕು ಶುರುವಾಗುತ್ತದೆ. ‘ನಿನ್‌ಮೆಶರಾ’ ಎಂಬ 153 ಸಾಲುಗಳ ಸ್ತೋತ್ರ ಅವಳ ಹೆಸರಿನಲ್ಲಿದೆ. ಲುಗಲ್‌ಆನೆ ಎಂಬ ಬಂಡುಕೋರ ಅವಳನ್ನು ದೇಗುಲದಿಂದ ಹೊರದಬ್ಬಿದ್ದಾನೆ. ತಾನು ಸೇವಿಸಿದ ಚಂದ್ರದೇವ ಮೌನವಾಗಿದ್ದಾನೆ. ಆಗ ಅವಳು ಮೊರೆಯಿಡುವುದು ಆ ದೇವನ ಮಗಳಾದ ಇನಾನ್ನಾಳಿಗೆ. ಯುದ್ಧಕ್ಕೂ ಪ್ರೇಮಕ್ಕೂ ಅಧಿದೇವತೆಯಾದ ಇನಾನ್ನಾ ಇಲ್ಲಿ ಚಂಡಮಾರುತದಂತೆ ಗರ್ಜಿಸುತ್ತಾಳೆ. ಹಿರಿಯ ದೇವತೆಗಳೇ ಅವಳೆದುರು ಬಾವಲಿಗಳಂತೆ ಚದುರುತ್ತಾರೆ. ಸ್ತೋತ್ರದ ನಡುವೆ ಕವಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾಳೆ. ಜಗತ್ತಿನ ಸಾಹಿತ್ಯದಲ್ಲಿ ಹೆಸರು ತಿಳಿದಿರುವ ಮೊದಲ ಕರ್ತೃ ಎಂಬ ಮಾತು ಹುಟ್ಟಿದ್ದು ಇದರಿಂದಲೇ.

ಆದರೆ ನಮಗೆ ದಕ್ಕಿರುವ ಪ್ರತಿಗಳು ಅವಳ ಕಾಲಕ್ಕಿಂತ ಸುಮಾರು 500 ವರ್ಷ ಈಚಿನವು. ನಂತರದವರು ಅವಳ ಬಾಯಿಂದ ಹಾಡಿಸಿರಬಹುದೆಂದು ಕೆಲವು ವಿದ್ವಾಂಸರು ಶಂಕಿಸುತ್ತಾರೆ. ಶಂಕೆ ನಿರಾಧಾರವಲ್ಲ. ಅವಳೇ ಸಂಕಲಿಸಿದಳೆನ್ನಲಾದ 42 ದೇಗುಲ ಸ್ತೋತ್ರಗಳಲ್ಲಿ ಒಂದು, ಅವಳ ನಂತರ ಆಳಿದ ಶುಲ್ಗಿ ದೊರೆಯ ದೇಗುಲದ ಮೇಲಿದೆ. ಪರರ ಕೈ ಅಲ್ಲಿ ಆಡಿರುವುದು ಸ್ಪಷ್ಟ. ಹಾಗೆಂದು ‘ನಿನ್‌ಮೆಶರಾ’ವನ್ನೂ ಅದೇ ತಕ್ಕಡಿಗೆ ಹಾಕಲು ನಾನು ಒಪ್ಪಲಾರೆ. ಸಾರ್ಗೋನನ ಮೊಮ್ಮಗ ನರಾಮ್‌ಸಿನ್ನನ ವಿರುದ್ಧದ ದಂಗೆಯ ಕಥನಗಳಲ್ಲೂ ಉರ್‌ನ ಲುಗಲ್‌ಆನೆಯ ಹೆಸರು ಬರುತ್ತದೆ. ಪ್ರತಿಕಾರರು ಕಾಗುಣಿತ ತಿದ್ದಿರಬಹುದು, ಪದ ಬದಲಿಸಿರಬಹುದು. ನೆಲೆ ಕಳೆದುಕೊಂಡವಳ ಆ ಸಂಕಟದ ತಿರುಳು ಅವಳದೇ ಎಂದು ನನ್ನ ನಂಬಿಕೆ.

ಕೊನೆಯ ಭಾಗದಲ್ಲಿ ಅವಳು ಕಾವ್ಯ ಹುಟ್ಟಿದ ಬಗೆಯನ್ನೇ ಹೇಳುತ್ತಾಳೆ: ಎದೆ ತುಂಬಿ ತುಳುಕಿದಾಗ ದೇವಿಗಾಗಿ ಹಾಡನ್ನು ಹಡೆದಳು, ನಡುರಾತ್ರಿ ನುಡಿದದ್ದನ್ನು ನಡುಹಗಲಿನಲ್ಲಿ ಗಾಯಕ ಮತ್ತೆ ಹಾಡಬೇಕು. ಕ್ರಿ.ಪೂ. 18ನೆಯ ಶತಮಾನದ ಹೊತ್ತಿಗೆ ನಿಪ್ಪೂರಿನ ಲಿಪಿಕಾರರ ಶಾಲೆಗಳಲ್ಲಿ ಹತ್ತು ಪಠ್ಯಗಳ ಒಂದು ಗುಚ್ಛವಿತ್ತು, ಅದರಲ್ಲಿ ಈ ಸ್ತೋತ್ರವೂ ಸೇರಿತ್ತು. ಸುಮೇರಿಯನ್ ಆಡುಮಾತಾಗಿ ಉಳಿದಿರದ ಕಾಲದಲ್ಲಿ ಕಲಿಯುವ ಹುಡುಗರು ಹಸಿ ಜೇಡಿಯ ಮೇಲೆ ಜೊಂಡಿನ ಮೊನೆಯೊತ್ತಿ, ಉರ್‌ನ ಪೂಜಾರಿಣಿಯ ಹೆಸರನ್ನು ಅಕ್ಷರ ಅಕ್ಷರವಾಗಿ ತಿದ್ದುತ್ತಿದ್ದರು.